ಐತವಾರದ ಮೀಟಿಂಗ್

ಡಾಕ್ಟರು ಬೀದರ ಕಡೆಯವರು. ಕನ್ನಡದಲ್ಲೇ ಹೇಳಿದರು. ಅರ್ಥವಾಗಲಿಲ್ಲ ಎಂದು ನಟಿಸಲು ನನಗೆ ದಾರಿಯೇ ಇರಲಿಲ್ಲ.

"ಇನ್ನೊಮ್ಮಿ ರಕ್ತ ಕಾರಿದ್ರ ನನ್ನ ಹಂತ್ಯಾಕ ತರಬ್ಯಾಡ್ರಿ. ತರೋತನಕ ಇರಂಗಿಲ್ಲ ಅಂವ."

ಪಕ್ಕದ ಸ್ಟೂಲಿನ ಮೇಲೆ ನನ್ನ ತಮ್ಮ ಕೂತಿದ್ದ. ಕಣ್ಣು ಅರಿಶಿನ ಕಲಸಿದ ನೀರಿನಂತಿದ್ದವು. ಕೈಕಾಲು ಕಡ್ಡಿ, ಹೊಟ್ಟೆ ಮಾತ್ರ ಮುಂದೆ. ಅಂಥದ್ದರಲ್ಲೂ ನಕ್ಕ. "ಏನ್ ಸಾಹೇಬ್ರ, ಅಷ್ಟ್ ಲಗೂ ಕಳಸ್ತೀರೇನ್ ನನ್ನ?"

ಡಾಕ್ಟರು ಅವನ ಕಡೆ ನೋಡದೆ ಚೀಟಿ ಬರೆದು ನನ್ನ ಕೈಗೆ ಕೊಟ್ಟರು. "ಗುಳಿಗಿ ಒಂದರಿಂದ ಆಗಂಗಿಲ್ಲ. ಕುಡಿಯೋದು ಬಿಟ್ಟವರದು ಮೀಟಿಂಗ್ ಇರ್ತಾವ, ಅಲ್ಲಿಗಿ ಹಚ್ರಿ." ಎಲ್ಲಿ ಎಂದು ಕೇಳಿದೆ. "ಹುಡುಕ್ರಿ. ಓದಿದವರು ಇದ್ದೀರಿ," ಎಂದು ಮುಂದಿನ ರೋಗಿಯನ್ನು ಕರೆದರು.

ಓದಿದವಳು ಹೌದು. ನಮ್ಮ ಮನೆತನದಲ್ಲಿ ಡಿಗ್ರಿ ಮುಗಿಸಿದವರಲ್ಲಿ ನಾನೇ ಮೊದಲು, ಗಂಡಸರನ್ನೂ ಹಿಡಿದು. ತೆಲುಗು ಸೀಮೆಯ ಗಡಿಯೂರು ಸಿರ್ಗಾಪುರದಿಂದ ನಾರಾಯಣಖೇಡಕ್ಕೆ ಬಸ್ಸಿನಲ್ಲಿ ಜೋತುಬಿದ್ದು ಹೋಗಿ ಕಲಿತವಳು. ಮನೆಯಲ್ಲಿ ಕನ್ನಡ, ಶಾಲೆಯಲ್ಲಿ ತೆಲುಗು, ಅಂಗಡಿಯಲ್ಲಿ ಉರ್ದು. ಜಹೀರಾಬಾದಿನ ಕಾಲೇಜಿಗೆ ಹೋದಾಗ ಇಂಗ್ಲಿಷು ಬೇರೆ. ಮದುವೆಗೆ ಬಂದ ಸಂಬಂಧಗಳನ್ನು ಪರೀಕ್ಷೆ ಮುಗಿಯಲಿ ಎಂದು ದೂಡುತ್ತ ಹೋದೆ. ಕಡೆಗೆ ಸಂಬಂಧಗಳು ಬರುವುದೇ ನಿಂತಿತು. ಈಗ ಖೇಡದ ಸರ್ಕಾರಿ ಶಾಲೆಯಲ್ಲಿ ಗಣಿತ ಹೇಳುತ್ತೇನೆ. ಈ ಹೆಮ್ಮೆಯನ್ನು ಯಾರೆದುರೂ ಮುಚ್ಚಿಟ್ಟಿಲ್ಲ. ಕಷ್ಟಪಟ್ಟು ತಂದದ್ದು, ಕದ್ದದ್ದಲ್ಲ. ಹುಡುಕು ಎಂದರೆ ಹುಡುಕುತ್ತೇನೆ ಎಂಬ ಧೈರ್ಯದಲ್ಲೇ ಅಂದು ಆಸ್ಪತ್ರೆಯ ಮೆಟ್ಟಿಲು ಇಳಿದೆ.

ತಮ್ಮ ತಾಂಡೂರಿನಲ್ಲಿ ಕಲ್ಲಿನ ಕೆಲಸ ಮಾಡುತ್ತಿದ್ದ. ನೆಲಕ್ಕೆ ಹಾಸುವ ಕಲ್ಲನ್ನು ಕೊಯ್ದು ಪಾಲಿಶ್ ಮಾಡುವ ಕಾರ್ಖಾನೆ. ಇಡೀ ದಿನ ನೀರು, ದೂಳು, ಕಿವಿ ಕೊರೆಯುವ ಸದ್ದು. ಸಂಜೆ ಬಾಟಲಿ. ಮೊದಮೊದಲು ಸಂಜೆಗಷ್ಟೇ ಇದ್ದದ್ದು ಆಮೇಲೆ ಬೆಳಗ್ಗೆ ಹಲ್ಲುಜ್ಜುವ ಮುಂಚೆಯೇ ಬಂತು. ಹೆಂಡತಿ ತಾಳುವಷ್ಟು ತಾಳಿ, ಮಗಳನ್ನು ಎತ್ತಿಕೊಂಡು ಬೊಮ್ರಾಸಪೇಟೆಯ ತವರಿಗೆ ಹೋದಳು. ಅವಳನ್ನು ನಾನು ಒಂದು ಮಾತೂ ಅನ್ನಲಾರೆ. ರಕ್ತ ಕಾರಿದ ಎಂದು ಸುದ್ದಿ ಬಂದಾಗ ಹೋಗಿ ಅವನನ್ನು ನನ್ನ ಮನೆಗೆ ಕರೆತಂದೆ. ಮನೆಯಲ್ಲಿ ಅವ್ವ, ನಾನು. ಈಗ ಅವನು.

ನಮ್ಮ ಕಡೆ ಮೀಟಿಂಗ್ ಎಂದರೆ ಎರಡೇ ನಮೂನೆ. ಒಂದು ಪಾರ್ಟಿಯವರದು. ಇನ್ನೊಂದು ಚರ್ಚಿನವರದು. ಮೂರನೆಯದೊಂದು ಇದೆ ಎಂದು ಹೇಳಿ ಹೇಳಿ ನನ್ನ ಬಾಯಿ ಒಣಗಿತು.

ಔಷಧ ಅಂಗಡಿಯವನನ್ನು ಕೇಳಿದೆ. "ಎಲೆಕ್ಷನ್ ಮುಗದಾವಲ್ರಿ ಟೀಚರಮ್ಮಾ, ಈಗೆಲ್ಲಿ ಮೀಟಿಂಗು?" ಎಂದ. ಬಿಡಿಸಿ ಹೇಳಿದ ಮೇಲೆ ದನಿ ತಗ್ಗಿಸಿ, "ಮೀಟಿಂಗ್ ಯಾಕ, ಪುಡಿ ಅದ. ಪಲ್ಯದಾಗ ಕಲಸ್ರಿ, ಅವಗ ಗೊತ್ತೇ ಆಗಂಗಿಲ್ಲ," ಎಂದ. ಸರ್ಕಾರಿ ಆಸ್ಪತ್ರೆಯ ನರ್ಸಮ್ಮ ಹೈದರಾಬಾದಿಗೆ ಹೋಗಿ ಎಂದಳು. ಯಾವುದೋ ಗೋಡೆಯ ಮೇಲೆ ಕಂಡ ನಂಬರಿಗೆ ಫೋನು ಮಾಡಿದರೆ ಅದು ದಿನವಿಡೀ ಹೊಡೆದುಕೊಂಡಿತು, ಎತ್ತುವವರಿಲ್ಲ. ಮೊಬೈಲಿನಲ್ಲಿ ಸಿಕ್ಕ ಇನ್ನೊಂದು ನಂಬರಿನಲ್ಲಿ ಒಬ್ಬಾತ ತಿಂಗಳುಗಟ್ಟಲೆ ಇಟ್ಟುಕೊಳ್ಳುವ ಕೇಂದ್ರದ ಮಾತಾಡಿದ. ಅಲ್ಲಿಗೆ ಸೇರಿಸಿದ್ದ ನಮ್ಮ ಶಾಲೆಯ ಅಟೆಂಡರನ ಅಳಿಯ ಗೋಡೆ ಹಾರಿ ಬಂದಿದ್ದ. ಕಡೆಗೊಬ್ಬ ಹೆಂಗಸು ಫೋನಿನಲ್ಲಿ ಸಿಕ್ಕಳು. ಅವಳ ಗಂಡ ಕುಡಿತ ಬಿಟ್ಟವನಂತೆ. ಜಹೀರಾಬಾದಿನಲ್ಲಿ ಐತವಾರ ಮಧ್ಯಾಹ್ನ ಮೀಟಿಂಗ್ ಇರುತ್ತದೆ, ಚರ್ಚಿನ ಹಿಂದಿನ ಕೋಣೆ, ದುಡ್ಡು ಕೇಳುವುದಿಲ್ಲ, ಹೆಸರೂ ಕೇಳುವುದಿಲ್ಲ ಎಂದಳು. ನಾನು ಸ್ಟಾಫ್‌ರೂಮಿನಲ್ಲಿ ಕೂತು ಅತ್ತೆ.

ಮನೆಯಲ್ಲಿ ಹೇಳಿದಾಗ ಅವ್ವ ಮುಸುರೆ ತಿಕ್ಕುವುದನ್ನು ಬಿಟ್ಟು ಎದ್ದು ನಿಂತಳು.

"ಚರ್ಚಿಗೇನು? ಕೊರಳಾಗ ಲಿಂಗ ಕಟ್ಕೊಂಡ ಮನಿತನ ನಮ್ದು. ಇದೊಂದು ಬಾಕಿ ಇತ್ತೇನು?"

"ಚರ್ಚಲ್ಲಬೇ, ಅದರ ಹಿಂದಿನ ಖೋಲಿ. ಬಾಡಿಗಿಗಿ ತಗೊಂಡಾರ."

"ಹಿಂದಿಂದ ಹೊಕ್ರೂ ಹೊಕ್ಕಂಗೇ."

ತಮ್ಮ ಗೋಡೆಗೆ ಒರಗಿ ಕೂತಿದ್ದ. "ಯಕ್ಕಾ, ಮೀಟಿಂಗಂದ್ರ ಬಿರಿಯಾನಿ ಪೊಟ್ಟಣ ಕೊಡ್ತಾರೇನು? ಒಂದು ಕ್ವಾಟರ್? ಹ್ವಾದ ಎಲೆಕ್ಷನ್‌ದಾಗ ಕೊಟ್ಟಿದ್ರು ನೋಡು."

"ಚಾ ಕೊಡ್ತಾರಂತ."

"ಬರೇ ಚಾ? ಎಂಥ ಗರೀಬ್ ಪಾರ್ಟಿನೋ ಏನೋ," ಎಂದು ಹೊಟ್ಟೆ ಹಿಡಿದುಕೊಂಡು ನಕ್ಕ. ನಗುವಾಗ ನೋವಾಗುತ್ತಿತ್ತು ಅವನಿಗೆ.

ಮೊದಲ ಐತವಾರ ಬಿಸಿಲಲ್ಲಿ ಬಸ್ಸು ಹಿಡಿದು ಹೋದರೆ ಕೋಣೆಗೆ ಬೀಗ. ಕೇಳೋಣವೆಂದರೆ ಸುತ್ತ ಒಂದು ನರಪಿಳ್ಳೆಯಿಲ್ಲ. ತಮ್ಮ ಬೇವಿನ ಮರದ ಕೆಳಗೆ ಕೂತು, "ನಡಿ ಮತ್ತ, ನಾವು ಬಂದ್ವಿ, ಅವ್ರು ಬರ್ಲಿಲ್ಲ," ಎಂದ. ಅವನ ದನಿಯಲ್ಲಿ ಸಮಾಧಾನವಿತ್ತು. ಆ ಬೀಗ ಹಿಡಿದು ಜಗ್ಗಿದೆ. ಎರಡನೇ ಸಲವೂ ಜಗ್ಗಿದೆ. ಅಂದು ಅವನನ್ನು ಮತ್ತೆ ಬಸ್ ನಿಲ್ದಾಣಕ್ಕೆ ಕರೆದೊಯ್ಯುವಾಗ, ದಾರಿಯುದ್ದಕ್ಕೂ ವೈನ್ ಶಾಪಿನ ಬೋರ್ಡುಗಳು ನನಗೇ ಮೊದಲು ಕಾಣುತ್ತಿದ್ದವು. ಅವನ ರಟ್ಟೆ ಹಿಡಿದೇ ನಡೆದೆ. ಬೇಸಿಗೆಗೆಂದು ಸಂಜೆಗೆ ಹೊತ್ತು ಬದಲಿಸಿದ್ದಾರೆ ಎಂದು ಆಮೇಲೆ ಗೊತ್ತಾಯಿತು.

ಮುಂದಿನ ವಾರ ಬಾಗಿಲು ತೆರೆದಿತ್ತು. ಪ್ಲಾಸ್ಟಿಕ್ ಕುರ್ಚಿಗಳು ದುಂಡಗೆ. ಒಬ್ಬ ಲಾರಿ ಡ್ರೈವರು, ಒಬ್ಬ ಶುಂಠಿ ವ್ಯಾಪಾರಿ, ಬುರ್ಖಾ ತೊಟ್ಟ ತಾಯಿಯೊಂದಿಗೆ ಬಂದ ಒಬ್ಬ ದರ್ಜಿ, ಇನ್ನೂ ಕೆಲವರು. ಮಾತು ನಡೆಸುತ್ತಿದ್ದವರು ಪಿಂಚಣಿಯ ಮೇಲಿದ್ದ ಪೋಸ್ಟ್‌ಮಾಸ್ಟರು. ತೆಲುಗಿನವರು. ಕನ್ನಡ ಬರುತ್ತದೆ ಎಂದು ಅವರ ನಂಬಿಕೆ. ತಾವು ಕುಡಿಯುತ್ತಿದ್ದಾಗ ಊರಿನ ಟಪಾಲಿನ ಚೀಲವನ್ನೇ ತಲೆದಿಂಬು ಮಾಡಿಕೊಂಡು ಮಲಗಿದ ಕಥೆಯನ್ನು ಅವರು ಪ್ರತಿವಾರ ಹೇಳುತ್ತಿದ್ದರು, ಪ್ರತಿವಾರ ಚೀಲ ದೊಡ್ಡದಾಗುತ್ತಿತ್ತು. ಅಲ್ಲಿ ಯಾರಿಗೂ ಹೆಸರಿಲ್ಲ. ನಾನೂ ಇಲ್ಲಿ ಬರೆಯುತ್ತಿಲ್ಲ. ಬಂದವರು ತಮಗೆ ಬಂದ ಭಾಷೆಯಲ್ಲಿ ಮಾತಾಡಬಹುದು. ಮನೆಯವರು ಹಿಂದಿನ ಸಾಲಿನಲ್ಲಿ ಕೂರಬಹುದು, ಮಧ್ಯೆ ಬಾಯಿ ಹಾಕಬಾರದು. ನನಗೆ ಇದೇ ಎಲ್ಲಕ್ಕಿಂತ ಕಷ್ಟದ ನಿಯಮ.

ತಮ್ಮ ಮೊದಲ ವಾರ ಏನೂ ಹೇಳಲಿಲ್ಲ. ಎರಡನೇ ವಾರ, "ನಾ ಕುಡುಕ ಅದೀನ್ರಿ," ಎಂದ. ಹೇಳಿ, ತಪ್ಪು ಉತ್ತರ ಕೊಟ್ಟ ಹುಡುಗನಂತೆ ನನ್ನ ಕಡೆ ತಿರುಗಿದ. ನಾನು ನೆಲ ನೋಡಿದೆ.

ಆಮೇಲಿನ ವಾರಗಳಲ್ಲಿ ಬಾಟಲಿ ಮನೆಗೆ ಬರಲಿಲ್ಲ. ಜೇಬು ನೋಡಿದೆ, ನೀರಿನ ಟ್ಯಾಂಕಿನ ಹಿಂದೆ ನೋಡಿದೆ, ಜೋಳದ ಡಬ್ಬಿಯಲ್ಲಿ ಕೈಹಾಕಿ ನೋಡಿದೆ. ಇಲ್ಲ. ಶಾಲೆಯಿಂದ ಮಧ್ಯೆ ಮಧ್ಯೆ ಫೋನು ಮಾಡುತ್ತಿದ್ದೆ. "ಬಾಟ್ಲಿ ಮುಟ್ಟೀಯೇನು?" "ಇಲ್ಲ ಯಕ್ಕಾ." "ಅವ್ವನ ಆಣಿ?" "ಅವ್ವನ ಆಣಿ."

ಆದರೆ ಕಣ್ಣಿನ ಅರಿಶಿನ ಇಳಿಯಲಿಲ್ಲ. ರಕ್ತ ಪರೀಕ್ಷೆಯ ಕಾಗದ ನೋಡಿ ಡಾಕ್ಟರು ಕೇಳಿದರು, "ಕುಡೀತಾನೇನು?" ಇಲ್ಲ ಎಂದೆ. ಮೀಟಿಂಗಿಗೆ ತಪ್ಪದೆ ಹೋಗುತ್ತಾನೆ ಎಂದೆ. ಅವರು ಕನ್ನಡಕ ತೆಗೆದು ನನ್ನನ್ನು ನೋಡಿದ ರೀತಿ, ಸುಳ್ಳು ಹೇಳುವ ಮಗುವನ್ನು ನಾನು ನೋಡುವ ರೀತಿ. ಹೊರಗೆ ಬಂದು ಕಾರಿಡಾರಿನ ಬೆಂಚಿನ ಮೇಲೆ ಕೂತೆ. ಬಿಟ್ಟ ಮೇಲೂ ಸಾಯುತ್ತಾನೆ ಎಂದರೆ ಇನ್ನೇನು ಮಾಡಬೇಕು? ಬಿಡಿಸಿದ್ದೂ ಸಾಲದು ಎಂದರೆ ಇನ್ನೆಲ್ಲಿ ಹೋಗಿ ಹುಡುಕಬೇಕು? ಸೂತ್ರ ಸರಿಯಿದೆ, ಹಂತಗಳು ಸರಿಯಿವೆ, ಉತ್ತರ ಮಾತ್ರ ತಪ್ಪು ಬರುತ್ತಿದೆ. ಮಕ್ಕಳಿಗೆ ಹೇಳುವಂತೆ, ಮೊದಲಿನಿಂದ ನೋಡು ಎಂದು ನನಗೆ ನಾನೇ ಹೇಳಿಕೊಂಡೆ. ಎಲ್ಲಿ ತಪ್ಪಿದೆ ಎಂದು ಕಾಣಲಿಲ್ಲ.

ಅದು ಕಂಡದ್ದು ಒಂದು ಮಾತಿನಿಂದ, ಅದೂ ಯಾರೂ ಬೇಕೆಂದು ಆಡದ ಮಾತಿನಿಂದ.

ಆ ಐತವಾರ ತಮ್ಮ ಉಮೇದಿನಲ್ಲಿದ್ದ. ಕಾರ್ಖಾನೆಯಿಂದ ಕರೆ ಬಂದಿತ್ತು, ಮತ್ತೆ ಕೆಲಸಕ್ಕೆ ಬಾ ಎಂದು. ತನ್ನ ಸರದಿ ಬಂದಾಗ ಕನ್ನಡದಲ್ಲೇ ಶುರು ಮಾಡಿದ: "ಮುಂದಿನ ವಾರ ಮತ್ತ ಕಲ್ಲಿಗಿ ಹೋಗಾಂವ ಅದೀನ್ರಿ. ಎಲ್ಲರೂ ಬ್ಯಾಡ ಅಂತಾರ. ಖರೇ ಹೇಳ್ತೀನಿ, ಕಲ್ಲು ಬಿಟ್ಟು ನಂಗ ಬದುಕಾಕ ಆಗಂಗಿಲ್ರಿ. ಸಣ್ಣಾಂವಿದ್ದಾಗಿಂದ ಅದೇ ರೂಢಿ."

ಲಾರಿ ಡ್ರೈವರು ಚಹಾದ ಕಪ್ಪು ಕೆಳಗಿಟ್ಟ. ಪೋಸ್ಟ್‌ಮಾಸ್ಟರು ಕುರ್ಚಿಯನ್ನು ಮುಂದಕ್ಕೆಳೆದುಕೊಂಡು, ಬಹಳ ಮೆಲ್ಲಗೆ, ತೆಲುಗಿನಲ್ಲಿ, "ಕಲ್ಲು ಗೂಡ ತಾಗುಡೇ ಬಿಡ್ಡಾ. ಅದಿ ಗೂಡ ಲೆಕ್ಕನೇ," ಎಂದರು.

ತೆಲುಗಿನಲ್ಲಿ ಕಲ್ಲು ಎಂದರೆ ಹೆಂಡ. ನಾವು ಮನೆಯಲ್ಲಿ ಶಿಂದಿ ಅನ್ನುತ್ತೇವಲ್ಲ, ಈಚಲ ಮರದ್ದು, ಅದು. ಇವನು ಹೇಳಿದ್ದು ತಾಂಡೂರಿನ ಕಲ್ಲು, ಅವರು ಕೇಳಿದ್ದು ಗಡಿಗೆಯ ಕಲ್ಲು. ಹೆಂಡವೂ ಕುಡಿತವೇ ಮಗಾ, ಅದೂ ಲೆಕ್ಕಕ್ಕೆ ಬರುತ್ತದೆ ಎಂದು ಅವರು ಬುದ್ಧಿ ಹೇಳುತ್ತಿದ್ದರು. ನಿಯಮ ಮರೆತು ನಾನು ಹಿಂದಿನ ಸಾಲಿನಿಂದ ಜೋರಾಗಿ ನಕ್ಕುಬಿಟ್ಟೆ.

"ಆ ಕಲ್ಲಲ್ರಿ ಸರ್! ಬಂಡೆ ಕಲ್ಲು! ರಾಯಿ, ರಾಯಿ! ತಾಂಡೂರದಾಗ ಪಾಲಿಶ್ ಮಾಡ್ತಾನಲ್ರಿ!"

ಎಲ್ಲರೂ ನಕ್ಕರು. ದರ್ಜಿಯ ತಾಯಿಗೆ ಮಗ ಉರ್ದುವಿನಲ್ಲಿ ಹೇಳಿದ ಮೇಲೆ ಆಕೆಯೂ ಮುಸುಕಿನೊಳಗೆ ನಕ್ಕಳು. ಪೋಸ್ಟ್‌ಮಾಸ್ಟರು ತಲೆ ಚಚ್ಚಿಕೊಂಡರು. ಎಷ್ಟೋ ತಿಂಗಳ ಮೇಲೆ ನನ್ನ ಹೊಟ್ಟೆಯಿಂದ ಬಂದ ನಗು ಅದು. ಕಣ್ಣೊರೆಸಿಕೊಂಡು ತಮ್ಮನ ಕಡೆ ನೋಡಿದೆ, ಅವನೂ ನಗುತ್ತಿರುತ್ತಾನೆಂದು.

ಅವನು ನಗುತ್ತಿರಲಿಲ್ಲ. ಯಾವುದಕ್ಕೂ ನಗುವವನು, ಡಾಕ್ಟರು ಸಾವಿನ ಮಾತಾಡಿದಾಗಲೂ ನಕ್ಕವನು, ಎರಡೂ ಕೈ ತೊಡೆಯ ನಡುವೆ ಸಿಕ್ಕಿಸಿಕೊಂಡು ಪೋಸ್ಟ್‌ಮಾಸ್ಟರನ್ನೇ ನೋಡುತ್ತಿದ್ದ. ನಗು ನಿಂತಿತು. ಆಗ ಕೇಳಿದ:

"ಶಿಂದಿನೂ ಲೆಕ್ಕಕ್ಕ ಬರ್ತದೇನ್ರಿ?"

ಪೋಸ್ಟ್‌ಮಾಸ್ಟರು ಹೌದೆಂದು ತಲೆಯಾಡಿಸಿದರು.

ಬಸ್ಸಿನಲ್ಲಿ ಜನ ಇದ್ದರು, ಆದರೂ ನಾನು ಬಾಯಿ ಬಿಟ್ಟೆ. "ಅವ್ವನ ಆಣಿ ಅಂದಿದ್ದಿ."

"ನೀ ಕೇಳಿದ್ದೇನು? ಬಾಟ್ಲಿ ಮುಟ್ಟೀಯೇನು ಅಂತ. ಮುಟ್ಟಿಲ್ಲ. ಶಿಂದಿ ಕುಡದ್ಯೇನು ಅಂತ ಒಂದ್ ದಿನಾರ ಕೇಳೀದೇನು? ಶಿಂದಿಗಿ ಯಾರರ ಕುಡಿಯೋದು ಅಂತಾರೇನು ಯಕ್ಕಾ? ಹಸುಗೂಸಿಗೂ ಹಾಕ್ತಾರ ಅದನ್ನ."

"ಎಲ್ಲಿ ಕುಡೀತಿದ್ದಿ?"

ಅವನು ಕಿಟಕಿಯ ಕಡೆ ತಿರುಗಿದ. "ಅವ್ವನ್ನ ಕೇಳು."

ಅವ್ವ. ಮೀಟಿಂಗಿಗೆ ಚರ್ಚಿನ ಹಿಂದಿನ ಕೋಣೆಯೂ ಆಗದು ಎಂದವಳು. ಲಿಂಗಪೂಜೆ ಆಗದೆ ಹನಿ ನೀರು ಮುಟ್ಟದವಳು. ನಾನು ಶಾಲೆಗೆ ಹೋದ ಮೇಲೆ ಸೆರಗಿನಡಿ ಚರಗಿ ಮುಚ್ಚಿಕೊಂಡು ಹಿಂದಿನ ಓಣಿಯಿಂದ ಶಿಂದಿ ತಂದು ಅವನಿಗೆ ಕುಡಿಸುತ್ತಿದ್ದಳು. ದಿನಾಲೂ. ಮನೆಗೆ ಬಂದಾಗ ಹುಳಿ ವಾಸನೆ ಬರುತ್ತಿತ್ತು, ಅಂಬಲಿ ಎಂದುಕೊಂಡಿದ್ದೆ. ಕೇಳಿದಾಗ ಮುಚ್ಚಿಡಲಿಲ್ಲ ಆಕೆ. ನನ್ನದೇ ತಪ್ಪೆಂಬಂತೆ ಸಿಟ್ಟಾದಳು.

"ಔಷಧ ಅದು! ಕಾಮಣಿ ಆದವರಿಗಿ ಶಿಂದಿನೇ ಕುಡಸ್ತಾರ. ಹೊಟ್ಟಿ ತಂಪಾಗ್ತದ, ಕಣ್ಣು ಬೆಳ್ಳಗಾಗ್ತಾವ. ನೀ ಓದೀದಿ ಅಂತ ಎಲ್ಲಾ ಗೊತ್ತೇನ್ ನಿಂಗ? ನಿಮ್ಮಪ್ಪಗ ಕಾಮಣಿ ಆದಾಗ ನಾನೇ ಕುಡಿಸೀನಿ, ಈ ಕೈಲೆ."

"ಆಮ್ಯಾಲ ಅಪ್ಪ ಏನಾದ ಯವ್ವಾ?"

ಒಲೆಯ ಮೇಲಿನ ಹಾಲು ಉಕ್ಕಿ ಕಟ್ಟೆಗೆ ಹರಿಯಿತು, ಮೂವರೂ ನೋಡುತ್ತ ನಿಂತೆವು.

"ಅದು ಬ್ಯಾರೆ," ಎಂದಳು ಕಡೆಗೆ. "ಅವರದು ಆಯುಷ್ಯ ಅಷ್ಟೇ ಇತ್ತು." ಆಮೇಲೆ ದೇವರ ಗೂಡಿನ ಮುಂದೆ ಹೋಗಿ ಕೂತವಳು ಮರುದಿನದವರೆಗೂ ಏಳಲಿಲ್ಲ, ಉಣ್ಣಲಿಲ್ಲ. ಬೈಯಬೇಕೆಂದು ಹೋದ ನಾನು ಪಕ್ಕದಲ್ಲಿ ನೀರಿಟ್ಟು ಬಂದೆ. ಹೆತ್ತ ಮಗನಿಗೆ ತನ್ನ ಕೈಯಿಂದಲೇ ಕುಡಿಸಿದವಳಿಗೆ ಇನ್ನು ಯಾವ ಬೈಗುಳ?

ಶಿಂದಿ ಒಮ್ಮೆಲೇ ನಿಂತಾಗ ಅವನ ಕೈಯಲ್ಲಿ ಚಮಚ ನಿಲ್ಲದಾಯಿತು. ಬೆವರು, ನಡುಕ, ಗೋಡೆಯ ಮೇಲೆ ಇರುವೆ ಹರಿಯುತ್ತಿವೆ ಎಂದು ಹಾಸಿಗೆ ಕೊಡವುವುದು. ಡಾಕ್ಟರ ಬಳಿ ಓಡಿದೆವು. ಎಲ್ಲ ಹೇಳಿದೆ. ಅವರು ಬೈಯಲಿಲ್ಲ, ಬೈದಿದ್ದರೆ ಒಳ್ಳೆಯದಿತ್ತು. ಅಲ್ಲೇ ಮಲಗಿಸಿಕೊಂಡು ಸೂಜಿ, ಗುಳಿಗೆ ಕೊಟ್ಟರು. "ಶಿಂದಿಯಾಗ ಏನೇನ್ ಕಲಸ್ತಾರ, ಮಾರಾವರಿಗೇ ಗೊತ್ತಿರಂಗಿಲ್ಲ," ಎಂದಷ್ಟೇ ಅಂದರು. ನಡುಕ ಇಳಿಯಿತು. ಲಿವರಿನ ಬಗ್ಗೆ ಕೇಳಿದ್ದಕ್ಕೆ ಮೊದಲಿನ ಮಾತನ್ನೇ ಹೇಳಿದರು.

ಆದರೂ ಅವನು ತಾಂಡೂರಿಗೆ ಹೋದ. ತಡೆದೆ, ಅತ್ತೆ, ಕೈಮುಗಿದೆ. "ಮನ್ಯಾಗ ಕುಂತ್ರ ನಿಮ್ಮಿಬ್ಬರ ಮಾರಿ ನೋಡಿನೇ ಸಾಯ್ತೀನಿ. ಕಲ್ಲರ ಕೊಯ್ತೀನಿ ಬಿಡು," ಎಂದ. ಅಲ್ಲಿ ಮೀಟಿಂಗ್ ಇದೆಯೇ ಎಂದು ಪೋಸ್ಟ್‌ಮಾಸ್ಟರನ್ನು ಕೇಳಿದೆ. ತಮಗೆ ತಿಳಿದಂತೆ ಇಲ್ಲ ಎಂದರು. ಕಡೆಗೆ ಒಪ್ಪಂದವಾಯಿತು: ಐತವಾರ ಅವನು ತಾಂಡೂರಿನಿಂದ, ನಾನು ನಾರಾಯಣಖೇಡದಿಂದ, ಇಬ್ಬರೂ ಜಹೀರಾಬಾದಿಗೆ ಬರುವುದು.

ಅವನು ಹೋದ ಆ ವಾರ ನಾನು ಬೋರ್ಡಿನ ಮೇಲೆ ಏನು ಬರೆದೆನೋ ನೆನಪಿಲ್ಲ. ಫೋನು ಹೊಡೆದುಕೊಂಡರೆ ಎದೆ ಹೊಡೆದುಕೊಳ್ಳುತ್ತಿತ್ತು, ಹೊಡೆದುಕೊಳ್ಳದಿದ್ದರೆ ಇನ್ನೂ ಜೋರಾಗಿ.

ಐತವಾರ ನಾನು ಮುಂಚೆಯೇ ಹೋಗಿ ಕೂತೆ. ಮೀಟಿಂಗ್ ಶುರುವಾಯಿತು. ಡ್ರೈವರು ಮಾತಾಡಿದ. ಶುಂಠಿ ವ್ಯಾಪಾರಿ ಮಾತಾಡಿದ. ಟಪಾಲಿನ ಚೀಲದ ಕಥೆಯೂ ಬಂತು. ಬಾಗಿಲಿನಾಚೆ ಯಾರ ಚಪ್ಪಲಿ ಸಪ್ಪಳವಾದರೂ ತಿರುಗುತ್ತಿದ್ದೆ. ಚಹಾ ಹಂಚುವ ಹೊತ್ತಿಗೆ ಬಂದ. ಕೂದಲು, ಹುಬ್ಬು ಎಲ್ಲ ಕಲ್ಲಿನ ದೂಳು. ಐತವಾರವೂ ಪಾಳಿ ಹಾಕಿದ್ದರಂತೆ, ಅರ್ಧಕ್ಕೆ ಬಿಟ್ಟು ಓಡಿ ಬಂದಿದ್ದ. ನನ್ನ ಕಡೆ ನೋಡಲಿಲ್ಲ. ಸರದಿ ಕೇಳದೆಯೇ ನಿಂತುಕೊಂಡ.

"ನಾ ಕುಡುಕ ಅದೀನ್ರಿ. ನಿನ್ನಿ ಕುಡ್ದೀನಿ. ಶಿಂದಿ. ಲೆಕ್ಕಕ್ಕ ಬರ್ತದಂತ ಗೊತ್ತಿತ್ತು, ಗೊತ್ತಿದ್ದೇ ಕುಡ್ದೀನಿ."

ಎದ್ದು ಹೋಗಿ ಅವನ ಕಪಾಳಕ್ಕೆ ಬಾರಿಸಬೇಕೆನ್ನಿಸಿತು, ಕಾಲು ಹಿಡಿಯಬೇಕೆನ್ನಿಸಿತು. ಎರಡನ್ನೂ ಮಾಡಲಿಲ್ಲ. ಮಧ್ಯೆ ಬಾಯಿ ಹಾಕಬಾರದು. ಪೋಸ್ಟ್‌ಮಾಸ್ಟರು ಶಹಭಾಸ್ ಎನ್ನಲಿಲ್ಲ, ಛೀ ಎನ್ನಲೂ ಇಲ್ಲ. "ಮಳ್ಳಿ ರಾ ಬಿಡ್ಡಾ," ಮತ್ತೆ ಬಾ ಮಗಾ ಎಂದು ಹೇಳಿ ಅವನಿಗೆ ಚಹಾ ಕೊಟ್ಟರು. ದರ್ಜಿಯ ತಾಯಿ ಹಿಂದಿನ ಸಾಲಿನಲ್ಲಿ ನನ್ನ ಕೈ ಹಿಡಿದುಕೊಂಡಳು. ಅವಳ ಅಂಗೈಯೂ ನನ್ನದರಷ್ಟೇ ಒದ್ದೆಯಾಗಿತ್ತು.

ಬಸ್ ನಿಲ್ದಾಣದಲ್ಲಿ ಖೇಡದ ಬಸ್ಸು, ತಾಂಡೂರಿನ ಬಸ್ಸು ಅಕ್ಕಪಕ್ಕ ನಿಂತಿದ್ದವು. ಇನ್ನೂ ಬೆಳಕಿತ್ತು. ಅವನ ಕಣ್ಣು ಆ ಬೆಳಕಿನಲ್ಲಿ ಮೊದಲಿಗಿಂತ ಹಳದಿ ಕಂಡವು, ಅಥವಾ ನನಗೆ ಹಾಗನ್ನಿಸಿತು.

"ಮುಂದಿನ ಐತವಾರ ಬರ್ತೀಯೇನು?"

"ಇದ್ರ ಬರ್ತೀನಿ."

"ಇದ್ರ ಅಂದ್ರೇನೋ?"

"ಇದ್ರ ಅಂದ್ರ ಇದ್ರ." ನಗಲು ನೋಡಿದ, ಆಗಲಿಲ್ಲ. "ರಾತ್ರಿ ಆತಂದ್ರ ಕಾಲು ತಾವೇ ಹೊಂಡ್ತಾವ ಯಕ್ಕಾ. ನಾ ಬ್ಯಾಡ ಅಂತೀನಿ, ಕಾಲು ಕೇಳಂಗಿಲ್ಲ."

ತಾಂಡೂರಿನ ಬಸ್ಸಿನ ಡ್ರೈವರು ಹಾರ್ನ್ ಹೊಡೆದ. ತಮ್ಮ ಹತ್ತಿ ಕಿಟಕಿ ಪಕ್ಕ ಕೂತ. ನಾನು ಖೇಡದ ಬಸ್ಸಿನ ಮೆಟ್ಟಿಲ ಮೇಲೆ ಕಾಲಿಟ್ಟೆ. ಮರುದಿನ ನನಗೆ ಒಂಬತ್ತನೇ ತರಗತಿ ಇತ್ತು, ಮನೆಯಲ್ಲಿ ಅವ್ವ ಒಬ್ಬಳೇ ಇದ್ದಳು, ಬ್ಯಾಗಿನಲ್ಲಿ ಒಂದು ಜೊತೆ ಬಟ್ಟೆಯೂ ಇರಲಿಲ್ಲ. ಇಟ್ಟ ಕಾಲನ್ನು ಕೆಳಗಿಳಿಸಿದೆ. ತಾಂಡೂರಿನ ಬಸ್ಸು ಹೊರಡುತ್ತಿತ್ತು. ಪಕ್ಕೆ ಬಡಿದು ನಿಲ್ಲಿಸಿ ಹತ್ತಿದೆ. ಕಂಡಕ್ಟರಮ್ಮ ತೆಲುಗಿನಲ್ಲಿ ಬೈದಳು, ನಾನು ತೆಲುಗಿನಲ್ಲೇ ತಿರುಗಿ ಬೈದೆ. ಆಧಾರ್ ತೋರಿಸಿದೆ, ಹೆಂಗಸರಿಗೆ ಕೊಡುವ ಸೊನ್ನೆಯ ಟಿಕೆಟ್ ಹರಿದುಕೊಟ್ಟಳು.

ತಮ್ಮ ಬಾಯಿ ಬಿಟ್ಟು ನನ್ನನ್ನೇ ನೋಡುತ್ತಿದ್ದ.

"ನಾಳಿ ಸಾಲಿ ಅದಲ್ಲ ನಿಂದು?"

"ಅದ."

"ಮತ್ತ?"

"ಜರಾ ಸರಿ," ಎಂದೆ. "ಕೂಡಾಕ ಜಾಗ ಕೊಡು."